ಫ್ರೇಜರ್ ನ್ಯಾಶ್ ಕಾರಿನ ಚೈನುಗಳನ್ನು ನಾನು ಹೊಂದಿಸಿದ ಬಗೆ

ಇಂಗ್ಲೆಂಡಿನಲ್ಲಿ ಹಳೆಯ ಕಾರುಗಳ ವರ್ಕ್‌ಶಾಪೊಂದರಲ್ಲಿ ದುಡಿಯುವ ನನಗೆ ಅತ್ಯಂತ ಪ್ರಿಯವಾದ ಕಾರು 1930ರ ದಶಕದ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಫ್ರೇಜರ್ ನ್ಯಾಶ್‌ನ ಟಿಟಿ ರೆಪ್ಲಿಕಾ ಮಾದರಿ. 1496 ಸಿಸಿಯ ಮೆಡೋಸ್ ಎಂಜಿನ್ ಇರುವ ಈ ಕಾರಿನಲ್ಲಿ ನಾವು ಬಲ್ಲಂಥ ಗೇರ್‌ಬಾಕ್ಸೇ ಇಲ್ಲ. ಎಂಜಿನ್ನಿನ ಶಕ್ತಿ ಬೆವೆಲ್ ಬಾಕ್ಸಿನಲ್ಲಿ (ಓರೆ ಹಲ್ಲಿನ ಗೇರುಗಳ ಪೆಟ್ಟಿಗೆ) ಅಡ್ಡ ಶಾಫ್ಟಿಗೆ ತಿರುಗಿ, ಗೇರಿಗೊಂದರಂತೆ ಇರುವ ಚೈನುಗಳ ಮೂಲಕ ಹಿಂದಿನ ಆಕ್ಸಲ್ ತಲುಪುತ್ತದೆ. ಯಾವ ಚೈನು ಎಳೆಯಬೇಕೆಂಬುದನ್ನು, ಹಲ್ಲಿಗೆ ಹಲ್ಲು ಕಚ್ಚಿಕೊಳ್ಳುವ ಡಾಗ್ ಕ್ಲಚ್‌ಗಳು ನಿರ್ಧರಿಸುತ್ತವೆ. ಸ್ಪರ್ಧೆಗೆ ಇದರಿಂದ ದೊಡ್ಡ ಅನುಕೂಲವಿತ್ತು: ಗೇರ್ ಬದಲಾವಣೆ ಬಲು ಚುರುಕು, ಸ್ಪ್ರಾಕೆಟ್ (ಚೈನು ಕೂರುವ ಹಲ್ಲುಚಕ್ರ) ಬದಲಿಸಿದರೆ ಗೇರಿನ ಅನುಪಾತವೇ ಬದಲು.

ಶೆಲ್ಸ್‌ಲಿ ವಾಲ್ಶ್‌ನ ಗುಡ್ಡ ಹತ್ತುವ ಕಾರು ಸ್ಪರ್ಧೆಯ ಹಾದಿ ಸುಮಾರು 914 ಮೀಟರಿನಷ್ಟೇ ಆಗಿದ್ದು, ಗರಿಷ್ಠ ವೇಗಕ್ಕಿಂತ ಚುರುಕಾದ ಎಳೆತವೇ ಮುಖ್ಯವಾದುದರಿಂದ, ಅದಕ್ಕೆಂದು ಸಿದ್ಧಪಡಿಸಿದ ಕಾರಿಗೆ ನಾನು ಆಕ್ಸಲ್‌ನ ಮೇಲೆ ಹೆಚ್ಚು ಹಲ್ಲುಗಳ ಸ್ಪ್ರಾಕೆಟ್ ಹಾಕಿ, ಅದಕ್ಕೆ ತಕ್ಕಂತೆ ಚೈನಿನ ಲಿಂಕುಗಳನ್ನು ಎಣಿಸಿ ಸೇರಿಸಿದೆ. ನಿಜವಾದ ಕೆಲಸ ಬಿಗಿತದ್ದು. ಆಕ್ಸಲನ್ನು ಹಿಡಿದಿರುವ ರೇಡಿಯಸ್ ರಾಡುಗಳನ್ನು ಉದ್ದ ಮಾಡಿದಾಗ ಎಲ್ಲ ಚೈನುಗಳೂ ಒಟ್ಟಿಗೆ ಬಿಗಿಯಾಗುತ್ತವೆ. ಒಂದನ್ನು ಮಾತ್ರ ಬಿಗಿ ಮಾಡಲು ದಾರಿಯಿಲ್ಲ. ಹಾಗಾಗಿ ಚಕ್ರಗಳನ್ನು ನಿಧಾನವಾಗಿ ತಿರುಗಿಸುತ್ತ ಪ್ರತಿಯೊಂದು ಚೈನನ್ನೂ ಹಲವು ಕಡೆ ಬೆರಳಿನಿಂದ ಒತ್ತಿ ನೋಡಿ, ಎಲ್ಲಕ್ಕಿಂತ ಬಿಗಿಯಾದುದರ ಅತಿ ಬಿಗಿಯಾದ ಜಾಗದಲ್ಲಿಯೂ ತುಸು ಸಡಿಲ ಉಳಿಯುವಂತೆ ಇಟ್ಟೆ. ಆಗಲೂ ಜೋತಾಡುವಷ್ಟು ಸವೆದಿದ್ದ ಚೈನನ್ನು ತೆಗೆದು ಹೊಸದನ್ನು ಹಾಕಿದೆ. ಎರಡು ಬದಿಯ ರಾಡುಗಳ ಅಳತೆಯನ್ನು ಮತ್ತೆ ಮತ್ತೆ ನೋಡಿಕೊಂಡೆ. ಆಕ್ಸಲ್ ಓರೆಯಾದರೆ ಸ್ಪ್ರಾಕೆಟ್ಟಿನ ಹಲ್ಲುಗಳ ಪಕ್ಕವನ್ನು ಚೈನು ತಿಂದುಹಾಕುತ್ತದೆ.

ಮೈಸೂರಿನ ಯೆಜ್ಡಿಯ ಚೈನು ಮುಚ್ಚಿದ ಪೆಟ್ಟಿಗೆಯೊಳಗೆ ಓಡುವುದನ್ನು ಕಂಡು ಬೆಳೆದ ನನಗೆ, ರಸ್ತೆಯ ಧೂಳಿಗೆ ತೆರೆದುಕೊಂಡ ಈ ಚೈನುಗಳ ಮೇಲೆ ವಿಶೇಷ ಕಾಳಜಿ. ಅವನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಬೆಚ್ಚಗೆ ಕರಗಿಸಿದ ಗ್ರಾಫೈಟ್ ಗ್ರೀಸಿನಲ್ಲಿ ಅದ್ದಿಡುತ್ತೇನೆ. ರೋಲರುಗಳ ಒಳಗಿನ ಪಿನ್ನುಗಳವರೆಗೆ ಗ್ರೀಸು ಇಳಿಯಲು ಇದಕ್ಕಿಂತ ಒಳ್ಳೆಯ ವಿಧಾನವನ್ನು ನಾನು ಕಂಡಿಲ್ಲ.

ತಿರುವಿನಲ್ಲಿ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಡಿಫರೆನ್ಷಿಯಲ್ ಇಲ್ಲದ ಕಾರಣ ಹಿಂದಿನ ಎರಡೂ ಚಕ್ರಗಳು ಒಂದೇ ವೇಗದಲ್ಲಿ ಸುತ್ತುತ್ತವೆ. ಅವುಗಳ ನಡುವಿನ ಅಂತರವನ್ನು ಕಿರಿದಾಗಿಟ್ಟದ್ದರಿಂದ ತಿರುವಿನಲ್ಲಿ ಇದರ ತೊಂದರೆ ಕಡಿಮೆ. ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಹಿಂಭಾಗ ಹೊರಕ್ಕೆ ಜಾರುತ್ತದೆ. ಸ್ಟೀರಿಂಗಿನ ಸಣ್ಣ ತಿದ್ದುಪಡಿಗೇ ಅದು ಮಾತು ಕೇಳುವುದು ನನಗೆ ಬಹಳ ಹಿಡಿಸಿದ ಗುಣ. ಹೊಸ ಚೈನು ಮೊದಲ ಓಟದಲ್ಲೇ ಸ್ವಲ್ಪ ಹಿಗ್ಗುವುದರಿಂದ, ಕಾರು ಮರಳಿದ ಕೂಡಲೇ ಬಿಗಿತವನ್ನು ಮತ್ತೊಮ್ಮೆ ನೋಡಿ ರಾಡುಗಳನ್ನು ಸರಿಪಡಿಸಿದೆ.