ದಾಳ ಮೊದಲು, ಅರ್ಥ ಆಮೇಲೆ

ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಎಂದರೆ ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕುತ್ತಾ ಕಥೆ ಕಟ್ಟುವ ಆಟ. ಅದರಲ್ಲಿ ಪ್ರತಿ ಪಾತ್ರಕ್ಕೂ ಆರು ಅಂಕಗಳಿರುತ್ತವೆ: ಬಲ, ಚುರುಕು, ದೇಹದಾರ್ಢ್ಯ, ಬುದ್ಧಿ, ವಿವೇಕ, ವರ್ಚಸ್ಸು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಆಟವನ್ನು ಹೊರತಂದಾಗಿನಿಂದ ಇವು ಉಳಿದುಕೊಂಡು ಬಂದಿವೆ. ಬಂಡೆ ಎತ್ತುವ ಪಾತ್ರ ಸಿಕ್ಕಿತೆಂದು ಆಟಗಾರನೇ ಎದ್ದು ಬಂಡೆ ಎತ್ತಬೇಕಾಗಿಲ್ಲ. ಬಲದ ಅಂಕ ಆ ಕೆಲಸ ನೋಡಿಕೊಳ್ಳುತ್ತದೆ. ತಕರಾರು ಬರುವುದು ವರ್ಚಸ್ಸಿನ ವಿಷಯದಲ್ಲಿ, ಅಂದರೆ ಮಾತಿನಿಂದ ಎದುರಿನವರನ್ನು ಒಲಿಸುವಲ್ಲಿ. ಅದರಲ್ಲೂ ನಮ್ಮ ಕಾಸರಗೋಡಿನಲ್ಲಿ.

ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಇರುವ, ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆ (ಯಕ್ಷಗಾನದ ಪದ್ಯಕ್ಕೆ ಪಾತ್ರವಾಗಿ ಆಶುವಾಗಿ ಹೇಳುವ ಮಾತು) ಕೇಳಿ ಬೆಳೆದ ಸೀಮೆ ಇದು. ಬದಿಯಡ್ಕದಲ್ಲಿ ನಾನು ನಡೆಸುವ ಆಟಕ್ಕೆ ಬರುವವರಲ್ಲಿ ಒಬ್ಬರು ಹವ್ಯಾಸಿ ಅರ್ಥಧಾರಿ. ಅವರ ಪಾತ್ರ ಒಬ್ಬ ಯೋಧ, ಅವನ ವರ್ಚಸ್ಸು 8. ಆದರೆ ಅವರು ಬಾಯಿ ತೆರೆದರೆ ಎದುರಿಗಿರುವ ರಾಜನೇ ಸಿಂಹಾಸನ ಬಿಟ್ಟುಕೊಡಬೇಕು, ಅಂಥ ಮಾತು. ಅವರ ಪಕ್ಕದಲ್ಲಿ ಕೂರುವ ಕಾಲೇಜು ಹುಡುಗಿಯ ಪಾತ್ರ ಒಬ್ಬ ಗಾಯಕಿ, ಆ ಪಾತ್ರದ ವರ್ಚಸ್ಸು 16. ಹುಡುಗಿ ಮಾತ್ರ ಮಿತಭಾಷಿ. ಮಾತು ಕೇಳಿ ತೀರ್ಪು ಕೊಟ್ಟರೆ 8 ಗೆಲ್ಲುತ್ತದೆ, 16 ಸೋಲುತ್ತದೆ. ಹಾಗಾದರೆ ಹಾಳೆಯ ಮೇಲೆ ಅಂಕ ಬರೆಯುವುದೇಕೆ?

ಇದಕ್ಕೆ ದಾರಿ ನನಗೆ ತಾಳಮದ್ದಳೆಯಲ್ಲೇ, ಅಂದರೆ ವೇಷ ಕುಣಿತಗಳಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲೇ ಸಿಕ್ಕಿತು. ಅಲ್ಲಿ ಭಾಗವತರು ಪದ್ಯ ಹಾಡಿದ ಮೇಲೆ ಅರ್ಥ ಹೇಳುವುದು. ವಾಲಿ ಸಾಯುತ್ತಾನೆ ಎಂಬುದು ಪ್ರಸಂಗದಲ್ಲೇ ನಿಶ್ಚಯವಾಗಿದೆ. ಎಷ್ಟೇ ದೊಡ್ಡ ಕಲಾವಿದನಾದರೂ ಅವನನ್ನು ಬದುಕಿಸಲಾರ. ಸಾಯುವ ವಾಲಿ ರಾಮನಿಗೆ ಏನು ಹೇಳುತ್ತಾನೆ ಎಂಬುದು ಮಾತ್ರ ಪೂರ್ತಿಯಾಗಿ ಆ ಕಲಾವಿದನ ಕೈಯಲ್ಲಿದೆ. ನಮ್ಮ ಮೇಜಿನಲ್ಲಿ ದಾಳವನ್ನೇ ಪದ್ಯವೆಂದು ಇಟ್ಟುಕೊಂಡೆವು. ಏನು ಮಾಡಲು ಹೊರಟಿದ್ದೇನೆಂದು ಒಂದು ವಾಕ್ಯದಲ್ಲಿ ಹೇಳಬೇಕು, ದಾಳ ಹಾಕಬೇಕು, ಗೆಲುವೋ ಸೋಲೋ ತಿಳಿದ ಮೇಲೆ ಆ ಫಲಿತಾಂಶಕ್ಕೆ ಅರ್ಥ ಹೇಳಬೇಕು.

ಒಂದು ಸಂಜೆ ಯೋಧ ಕೋಟೆಯ ಬಾಗಿಲಲ್ಲಿ ಕಾವಲುಗಾರನನ್ನು ಒಲಿಸಲು ನಿಂತ. ಕಷ್ಟದ ಮಟ್ಟ 15, ಅಂದರೆ ಗೆಲ್ಲಲು ಮೊತ್ತ ಅಷ್ಟಾದರೂ ಆಗಬೇಕು. ಇಪ್ಪತ್ತು ಮುಖದ ದಾಳದಲ್ಲಿ 4 ಬಿತ್ತು. ವರ್ಚಸ್ಸು 8 ಆದ್ದರಿಂದ ಒಂದು ಕಳೆದು 3: ಸೋಲು. ಅರ್ಥಧಾರಿ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕುಳಿತರು. ಆಮೇಲೆ ಯೋಧನಾಗಿ ತನ್ನ ವಂಶದ ಪರಾಕ್ರಮವನ್ನು ಒಂದೊಂದೇ ಯುದ್ಧವಾಗಿ ವರ್ಣಿಸುತ್ತಾ ಹೋದರು. ಕೊನೆಯ ಯುದ್ಧದಲ್ಲಿ ಅಜ್ಜ ಸುಟ್ಟ ಹಳ್ಳಿಯ ಹೆಸರು ಹೇಳಿದರು. ಅದು ಕಾವಲುಗಾರನ ಹುಟ್ಟೂರು. ಮಾತಿನ ಸೊಗಸು ಒಂದಿಷ್ಟೂ ಕಡಿಮೆಯಾಗಲಿಲ್ಲ. ಯಾರ ಮುಂದೆ ಯಾವುದನ್ನು ನುಂಗಿಕೊಳ್ಳಬೇಕೆಂಬ ಅಳತೆ ಆ ಯೋಧನಿಗಿಲ್ಲ, ಅಷ್ಟೇ. ಅವನ 8 ಎಂದರೆ ಏನೆಂದು ನಮಗೆಲ್ಲ ಗೊತ್ತಾದದ್ದು ಆಗಲೇ.

ಆಮೇಲೆ ಹುಡುಗಿ ದಾಳ ಹಾಕಿದಳು: 14. ವರ್ಚಸ್ಸು 16 ಆದ್ದರಿಂದ ಮೂರು, ಮನವೊಲಿಕೆಯ ಪರಿಣತಿಗೆ ಎರಡು ಸೇರಿ 19. ಅವಳು ಹೇಳಿದ್ದು ಒಂದೇ ಮಾತು: ‘ಆ ಊರಿನಲ್ಲಿ ನಿಮ್ಮವರು ಯಾರಿದ್ದರು?’ ಬಾಗಿಲು ತೆರೆಯಿತು. ದಾಳ ಗೆದ್ದುಕೊಟ್ಟಿದ್ದರಿಂದ ಆ ಒಂದು ಮಾತು ಸಾಕಾಯಿತು. ಭಾಷಣ ಮಾಡುವ ಭಾರ ಅವಳ ಮೇಲೆ ಬೀಳಲಿಲ್ಲ.

ಕಡಿಮೆ ಅಂಕವನ್ನು ಅತಿಯಾಗಿ ಆಡುವುದನ್ನೂ ನಾನು ಒಪ್ಪುವುದಿಲ್ಲ. ಬುದ್ಧಿ 8 ಎಂದ ಕೂಡಲೇ ಕೆಲವರು ಪಾತ್ರವನ್ನು ಪೂರ್ಣ ಪೆದ್ದನನ್ನಾಗಿ ಮಾಡಿಬಿಡುತ್ತಾರೆ. ಲೆಕ್ಕ ನೋಡಿ. ಈಗಿನ ನಿಯಮದಲ್ಲಿ 10 ಎಂದರೆ ಸಾಮಾನ್ಯ ಮನುಷ್ಯ. 8ಕ್ಕೆ ಕಳೆಯುವುದು ಒಂದೇ ಒಂದು. ದಾಳದಲ್ಲಿ ಅದು ನೂರಕ್ಕೆ ಐದರ ವ್ಯತ್ಯಾಸ. ಅಂಥವನು ಹೆಸರು ಮರೆಯಬಹುದು, ನಕ್ಷೆ ಓದಲು ತಡವರಿಸಬಹುದು; ಅಡಿಕೆ ವ್ಯಾಪಾರದಲ್ಲಿ ಮೋಸ ಹೋಗಲೇಬೇಕೆಂದಿಲ್ಲ. ಎದುರಿನವನ ಕಣ್ಣು ನೋಡಿ ಸುಳ್ಳು ಹಿಡಿಯುವುದು ವಿವೇಕದ ಕೆಲಸ, ಬುದ್ಧಿಯದಲ್ಲ. ಬುದ್ಧಿ 8, ವಿವೇಕ 15 ಇರುವ ಪಾತ್ರ ನನಗೆ ಬಹಳ ಇಷ್ಟ. ಶಾಲೆ ಮೆಟ್ಟಿಲು ಹತ್ತದಿದ್ದರೂ ಊರಿನ ನ್ಯಾಯ ತೀರ್ಮಾನಿಸುವ ಹಿರಿಯರನ್ನು ನಾವೆಲ್ಲ ಕಂಡವರೇ.

ಒಗಟುಗಳ ವಿಷಯದಲ್ಲಿ ಮಾತ್ರ ದಾಳವನ್ನು ಬದಿಗಿಡುತ್ತೇನೆ. ಒಗಟು ಬಿಡಿಸುವ ಸಂತೋಷ ಆಟಗಾರರದು, ಅದನ್ನು ಕಿತ್ತುಕೊಳ್ಳಲು ಮನಸ್ಸು ಬರುವುದಿಲ್ಲ. ಮಂದಬುದ್ಧಿಯ ಪಾತ್ರದವರಿಗೆ ಉತ್ತರ ಹೊಳೆದರೆ ಅದನ್ನು ಬೇರೊಂದು ಪಾತ್ರದ ಬಾಯಲ್ಲಿ ಹೇಳಿಸಬಹುದು.

ಪಾತ್ರದ ಆರು ಅಂಕಗಳಿಗೆ ಮೊದಲು ಆರು ಮುಖದ ಮೂರು ದಾಳಗಳ ಮೊತ್ತವನ್ನು ಬಿದ್ದ ಕ್ರಮದಲ್ಲೇ ಬರೆದುಕೊಳ್ಳುತ್ತಿದ್ದರು. 18 ಬೀಳುವುದು 216ರಲ್ಲಿ ಒಮ್ಮೆ. ನಾನು ಈಗಿನ ನಿಯಮಗಳಲ್ಲಿರುವ ಸಿದ್ಧ ಸಾಲನ್ನೇ ಕೊಡುತ್ತೇನೆ: 15, 14, 13, 12, 10, 8 (ಇದರ ಮೇಲೆ ಒಂದೆರಡು ಅಂಕ ಸೇರುವುದುಂಟು; ಗಾಯಕಿಯ 16 ಹಾಗೆ ಬಂದದ್ದು). ಹೊಸಬರು 15ನ್ನು ಎಲ್ಲಿಡಲಿ ಎಂದು ಕೇಳುತ್ತಾರೆ. 8 ಎಲ್ಲಿಗೆ, ಅದು ಅಲ್ಲಿಗೇ ಏಕೆ ಎಂದು ನಾನು ತಿರುಗಿ ಕೇಳುತ್ತೇನೆ. ಅದಕ್ಕೊಂದು ಉತ್ತರ ಸಿಕ್ಕರೆ ಉಳಿದ ಐದು ಅಂಕಗಳನ್ನು ಅವರೇ ಸರಸರನೆ ತುಂಬಿಕೊಳ್ಳುತ್ತಾರೆ.