ಹೆಲಿಕಾಪ್ಟರ್‌ನಲ್ಲಿ ಸ್ಟೆತಸ್ಕೋಪ್ ಕೆಲಸಕ್ಕೆ ಬರಲ್ಲ

ಊರಿಗೆ ವಾಪಸು ಬಂದು ಎಂಟು ವರ್ಷವಾಯಿತು. ಮೂಡಿಗೆರೆ ಸಂತೆಯಲ್ಲಿ ಈಗಲೂ ಯಾರಾದರೂ ಹಿಡಿದು ನಿಲ್ಲಿಸಿ, "ನೀವು ಏರ್‌ಫೋರ್ಸಲ್ಲಿ ಹೆಲಿಕಾಪ್ಟರ್ ಓಡಿಸ್ತಿದ್ರಂತಲ್ಲಾ?" ಎಂದು ಕೇಳುತ್ತಾರೆ. ಇಲ್ಲ ಮಾರಾಯ್ರೆ, ಓಡಿಸುವವರು ಮುಂದೆ ಕೂರುತ್ತಾರೆ. ನಾನು ಹಿಂದೆ ಮಂಡಿಯೂರಿಕೊಂಡು ಸ್ಟ್ರೆಚರ್ ಹಿಡಿದುಕೊಂಡಿರುತ್ತಿದ್ದವನು. ಮೆಡಿಕಲ್ ಅಸಿಸ್ಟೆಂಟ್. ಡಾಕ್ಟರಲ್ಲ. ಡಾಕ್ಟರ್ ಜೊತೆಗಿದ್ದರೆ ಅವರ ಕೈಗೆ ಕೈ, ಇಲ್ಲದಿದ್ದರೆ ರೋಗಿಗೆ ನಾನೇ ಗತಿ.

ತರಬೇತಿಯ ಶುರುವಾತು ಎಲ್ಲ ಏರ್‌ಮನ್‌ಗಳ ಹಾಗೆಯೇ. ಬೆಳಗಾವಿಯ ಸಾಂಬ್ರಾದಲ್ಲಿ ಪರೇಡು, ಓಟ, ಬೂಟು ಪಾಲಿಶ್. ಆಮೇಲೆ ಬೆಂಗಳೂರಿನಲ್ಲಿ ಮೆಡಿಕಲ್ ಪಾಠ, ಆಸ್ಪತ್ರೆ ವಾರ್ಡಿನಲ್ಲಿ ಡ್ಯೂಟಿ. ಡ್ರೆಸಿಂಗ್, ಇಂಜೆಕ್ಷನ್, ಡ್ರಿಪ್, ಮೂಳೆ ಮುರಿದವರಿಗೆ ಪಟ್ಟಿ. ಇಲ್ಲಿಯವರೆಗೆ ಯಾವ ನರ್ಸಿಂಗ್ ಹುಡುಗನಾದರೂ ಕಲಿಯುವುದೇ. ನಮ್ಮ ಕೆಲಸವೇ ಬೇರೆ ಎಂದು ನನಗೆ ಗೊತ್ತಾಗಿದ್ದು ಒಂದು ಕಬ್ಬಿಣದ ಕೋಣೆಯೊಳಗೆ.

ಬೆಂಗಳೂರಿನಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಅಂತ ಇದೆ. 1957ರಿಂದ ನಡೆಯುತ್ತಿರುವ ವಾಯುಪಡೆಯ ಸಂಸ್ಥೆ. ಅಲ್ಲಿ ಗಾಳಿಯ ಒತ್ತಡ ಇಳಿಸುವ ಚೇಂಬರ್ ಇದೆ. ಕೂತಿರುವುದು ಬೆಂಗಳೂರಿನಲ್ಲೇ ಆದರೂ ಮೈಗೆ ಮಾತ್ರ ಹಿಮಾಲಯ. 25,000 ಅಡಿಯ ಲೆಕ್ಕಕ್ಕೆ ಒಯ್ದು ಮಾಸ್ಕ್ ತೆಗೆಸಿದರು. ಕೈಗೆ ಪೆನ್ಸಿಲು, ಹಾಳೆ. 100ರಿಂದ ಏಳೇಳು ಕಳೆಯುತ್ತಾ ಬರೆಯಬೇಕು. ಆ ಎತ್ತರದಲ್ಲಿ ಆಕ್ಸಿಜನ್ ಇಲ್ಲದೆ ಮನುಷ್ಯನ ಬುದ್ಧಿ ನೆಟ್ಟಗಿರುವುದು ಮೂರರಿಂದ ಐದು ನಿಮಿಷ. ನನಗೇನೂ ಕಷ್ಟ ಅನಿಸಲಿಲ್ಲ. ಜಾತ್ರೆಗೆ ಹೊರಟವನ ಹಾಗೆ ಖುಷಿಯಾಗಿದ್ದೆ. ಮಾಸ್ಕ್ ಹಾಕಿಸಿದ ಮೇಲೆ ಹಾಳೆ ನೋಡಿದರೆ 100, 93, 86, 86, 86, ಆಮೇಲೆ ಕೋಳಿ ಕಾಲಿನ ಗೀಚು.

ನನ್ನನ್ನು ಹೆದರಿಸಿದ್ದು ಆ ಖುಷಿ. ಮೇಲೆ ಹೋದಾಗ ರೋಗಿ ನೋಡುವವನ ತಲೆಯೇ ಕೈಕೊಡಬಹುದು, ಅವನಿಗೆ ಅದು ಗೊತ್ತೂ ಆಗಲ್ಲ. ಅವತ್ತಿನಿಂದ ಮೊದಲು ನನ್ನ ಮಾಸ್ಕು, ಆಮೇಲೆ ರೋಗಿಯದು. ಸ್ವಾರ್ಥ ಅಂತ ಯಾರಾದರೂ ಅಂದುಕೊಂಡರೆ ಅಂದುಕೊಳ್ಳಲಿ.

ಮೊದಲ ಹಾರಾಟದ ಬಗ್ಗೆ ಹೇಳಿಕೊಳ್ಳಲು ನಾಚಿಕೆ. ವಾಂತಿ ಮಾಡಿದೆ. ರೋಗಿಯಲ್ಲ, ನಾನು. ಚಿಕ್ಕಂದಿನಲ್ಲಿ ಚಾರ್ಮಾಡಿ ಘಾಟಿ ಬಸ್ಸಿನಲ್ಲಿ ಅಮ್ಮ ನಿಂಬೆಹಣ್ಣು ಮೂಸಿಸುತ್ತಿದ್ದರು. ಇಲ್ಲಿ ನಿಂಬೆಹಣ್ಣಿನ ಬದಲು ಇಂಧನದ ಸೀಮೆಎಣ್ಣೆ ವಾಸನೆ, ಕಿಟಕಿ ತೆಗೆಯೋಣವೆಂದರೆ ಕೊರೆಯುವ ಚಳಿ. ಅವೋಮಿನ್ ಮಾತ್ರೆ ನುಂಗಿದರೆ ನಿದ್ದೆ. ಕೊನೆಗೆ ಅಭ್ಯಾಸವೇ ಮದ್ದಾಯಿತು. ಹೊರಗೆ ನೋಡದೆ, ರೋಗಿಯ ಮುಖ ಮಾತ್ರ ನೋಡುತ್ತಾ ಕೂತರೆ ಹೊಟ್ಟೆ ಸುಮ್ಮನಿರುತ್ತದೆ ಎಂದು ನಾನೇ ಕಂಡುಕೊಂಡೆ. ಎಲ್ಲರಿಗೂ ಇದು ಹಿಡಿಸಲ್ಲ, ಕೆಲವರಿಗೆ ಉಲ್ಟಾ ಆಗುತ್ತದೆ.

ಇನ್ನು ಸದ್ದು. ಎಂಐ-17 ಎಂಬ ದೊಡ್ಡ ಹೆಲಿಕಾಪ್ಟರ್ ಒಳಗೆ ಕೂತವರಿಗೇ ಗೊತ್ತು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯೊಳಗೆ ನಾಲ್ಕು ಪಲ್ಪರ್ ಒಟ್ಟಿಗೆ ಓಡಿಸಿ, ಬಾಗಿಲು ಹಾಕಿ, ಮಧ್ಯದಲ್ಲಿ ನಿಂತ ಹಾಗೆ. ವಾರ್ಡಿನಲ್ಲಿ ಕಲಿತ ಅರ್ಧ ವಿದ್ಯೆ ಅಲ್ಲಿಗೇ ಹೋಯಿತು. ಸ್ಟೆತಸ್ಕೋಪ್ ಎದೆಗಿಟ್ಟರೆ ಕೇಳಿಸುವುದು ರೆಕ್ಕೆಯ ಬಡಿತ. ಬಿಪಿ ಪಟ್ಟಿ ಕಟ್ಟಿದರೂ ಶಬ್ದ ಕೇಳಿ ಅಳೆಯಲು ಆಗಲ್ಲ. ಪಟ್ಟಿಗೆ ಗಾಳಿ ತುಂಬಿ, ಮಣಿಕಟ್ಟಿನ ನಾಡಿ ಮುಟ್ಟಿಕೊಂಡು, ಗಾಳಿ ಬಿಡುತ್ತಾ ನಾಡಿ ವಾಪಸು ಸಿಕ್ಕ ಜಾಗದ ಅಂಕಿ ನೋಡಬೇಕು. ಮೇಲಿನ ಬಿಪಿ ಮಾತ್ರ ಸಿಗುತ್ತದೆ. ಸಾಕು. ಮಾನಿಟರ್ ನಂಬೋಣವೆಂದರೆ ನಡುಕಕ್ಕೆ ಅದರ ಗೆರೆಯೂ ಕುಣಿಯುತ್ತದೆ. ಬೆರಳಿಗೆ ಹಾಕುವ ಆಕ್ಸಿಮೀಟರ್ ತಣ್ಣಗಿನ ಬೆರಳಲ್ಲಿ ಸುಳ್ಳು ಹೇಳುತ್ತದೆ.

ಹಾಗಾಗಿ ಕಣ್ಣು, ಕೈ ಎರಡೇ. ಎದೆ ಎರಡೂ ಕಡೆ ಸಮನಾಗಿ ಏರುತ್ತಿದೆಯಾ, ತುಟಿ ಬಣ್ಣ ಏನು. ಉಗುರು ಒತ್ತಿ ಬಿಟ್ಟರೆ ಎರಡು ಸೆಕೆಂಡಿನಲ್ಲಿ ಕೆಂಪು ವಾಪಸು ಬರುತ್ತದಾ. ಕಂಬಳಿಯ ಕೆಳಗೆ ಕೈ ಹಾಕಿ ಬೆನ್ನಿನಡಿ ಸವರಿ ಕೈ ಹೊರಗೆ ತೆಗೆದು ನೋಡಬೇಕು, ಒದ್ದೆಯಿದೆಯಾ ಅಂತ. ರಾತ್ರಿ ಕೆಂಪು ಲೈಟಿನಲ್ಲಿ ರಕ್ತ ಕಾಣಿಸುವುದೇ ಇಲ್ಲ, ಆಗ ಬೆರಳಿಗೆ ಅಂಟುತ್ತದಾ ಎಂದು ನೋಡುವುದೊಂದೇ ದಾರಿ.

ಮುಖ್ಯವಾದ ಕೆಲಸವೆಲ್ಲ ನೆಲದ ಮೇಲೆಯೇ ಮುಗಿಯಬೇಕು. ಡ್ರಿಪ್ಪಿಗೆ ಎರಡು ಸೂಜಿ ಹಾಕಬೇಕಾದರೆ ಅಲ್ಲೇ ಹಾಕಿ, ನಾಲ್ಕು ಸುತ್ತು ಟೇಪ್ ಸುತ್ತು. ಉಸಿರಿನ ದಾರಿ ಅನುಮಾನ ಅನಿಸಿದರೆ ಅಲ್ಲೇ ಸರಿಮಾಡಿಸು. ಎದೆಯೊಳಗೆ ಗಾಳಿ ಸೇರಿಕೊಂಡಿದ್ದರೆ ಡಾಕ್ಟರ್ ಹತ್ತಿರ ಟ್ಯೂಬ್ ಹಾಕಿಸದೆ ಹತ್ತಿಸಲೇಬೇಡ. ರಕ್ತ ನಿಲ್ಲಿಸಲು ಕಟ್ಟಿದ ಟೂರ್ನಿಕೆಟ್‌ನ ಹೊತ್ತನ್ನು ಮಾರ್ಕರ್ ಪೆನ್ನಿನಲ್ಲಿ ರೋಗಿಯ ಮೈ ಮೇಲೆಯೇ ಬರಿ. ಚೀಟಿ ರೆಕ್ಕೆ ಗಾಳಿಗೆ ಹಾರಿಹೋಗುತ್ತದೆ. ಹಾರಿದ ಮೇಲೆ ಹೊಸ ಕೆಲಸ ಶುರುಮಾಡುವವನು ನೆಲದ ಮೇಲೆ ಏನೋ ಮರೆತವನೇ. ನಾನೂ ಮರೆತಿದ್ದೇನೆ.

ಲಡಾಖ್‌ನಲ್ಲಿದ್ದಾಗ ನಡೆದದ್ದು. ನುಬ್ರಾ ಕಣಿವೆಯಿಂದ ಲೇಹ್‌ಗೆ ಒಬ್ಬ ಸೈನಿಕನನ್ನು ತರಬೇಕಿತ್ತು. ಬಂಡೆ ಮೇಲಿಂದ ಜಾರಿ ಮೊಣಕಾಲಿನ ಕೆಳಗೆ ಎರಡೂ ಮೂಳೆ ಮುರಿದಿದ್ದವು. ಕಾಲಿಗೆ ಏರ್ ಸ್ಪ್ಲಿಂಟ್ ಹಾಕಿದೆ. ಪ್ಲಾಸ್ಟಿಕ್ಕಿನ ಚೀಲ ಅದು. ಕಾಲಿಗೆ ಸುತ್ತಿ ಜಿಪ್ ಎಳೆದು ಬಾಯಲ್ಲಿ ಊದಿದರೆ ಗಟ್ಟಿಯಾಗಿ ಕಾಲು ಅಲ್ಲಾಡದ ಹಾಗೆ ಹಿಡಿಯುತ್ತದೆ. ಚೆನ್ನಾಗಿ ಊದಿದೆ. ಜಾಸ್ತಿಯೇ ಊದಿದೆ ಅನ್ನಿ. ಹೆಸರು ಬರೆದುಕೊಳ್ಳುವಾಗ ಊರು ಕೇಳಿದೆ. ಅರಸೀಕೆರೆ ಕಡೆಯವನು! ಅಲ್ಲಿಂದ ಕನ್ನಡದಲ್ಲೇ ಮಾತು. ನೋವಿನ ಇಂಜೆಕ್ಷನ್ ಆಗಿತ್ತು, ನಗುತ್ತಲೇ ಹತ್ತಿದ.

ಕಣಿವೆ ಸುಮಾರು 10,000 ಅಡಿಯಲ್ಲಿದೆ. ಮಧ್ಯದಲ್ಲಿ ಖಾರ್ದುಂಗ್ ಲಾ ದಾಟಬೇಕು, ಅದು 17,500 ಅಡಿಗೂ ಮೇಲೆ. ಏರುತ್ತಾ ಹೋದ ಹಾಗೆ ಹೊರಗಿನ ಒತ್ತಡ ಇಳಿಯುತ್ತದೆ, ಚೀಲದೊಳಗಿನ ಗಾಳಿ ಹಿಗ್ಗುತ್ತದೆ. ಆ ಎರಡು ಎತ್ತರಗಳ ನಡುವೆ ಗಾಳಿ ಮೂರನೇ ಒಂದು ಪಾಲಿಗಿಂತಲೂ ಜಾಸ್ತಿ ಹಿಗ್ಗಲು ನೋಡುತ್ತದೆ. ಪರೀಕ್ಷೆಯಲ್ಲಿ ಬರೆದು ನಂಬರ್ ತಗೊಂಡಿದ್ದೆ. ಆದರೆ ಅವತ್ತು ಆಕ್ಸಿಜನ್ ಗೇಜು ನೋಡುತ್ತಾ ಕೂತುಬಿಟ್ಟಿದ್ದೆ.

ಹುಡುಗ ನನ್ನ ತೋಳು ಎಳೆದ. ಬಾಯಿ ಆಡುತ್ತಿತ್ತು, ಸದ್ದಿನಲ್ಲಿ ಒಂದಕ್ಷರ ಕೇಳಿಸಲಿಲ್ಲ. ಮಾಸ್ಕ್ ಸ್ವಲ್ಪ ಎತ್ತಿದೆ. ತುಟಿ ನೋಡಿದೆ. "ಜೋಮು, ಜೋಮು" ಅನ್ನುತ್ತಿದ್ದ. ತಕ್ಷಣ ಕಾಲ್ಚೀಲ ಎಳೆದೆ. ಹೆಬ್ಬೆರಳು ಮೇಣದ ಹಾಗೆ ಬೆಳ್ಳಗೆ. ಉಗುರು ಒತ್ತಿ ಬಿಟ್ಟೆ. ಒಂದು, ಎರಡು, ಮೂರು, ನಾಲ್ಕು… ಕೆಂಪು ಬರಲಿಲ್ಲ. ಸ್ಪ್ಲಿಂಟಿನ ವಾಲ್ವ್ ತಿರುಗಿಸಿ ಗಾಳಿ ಬಿಟ್ಟೆ. ಕೈ ನಡುಗುತ್ತಿತ್ತು, ಚಳಿಗಲ್ಲ. ಒಂದು ನಿಮಿಷವಾದ ಮೇಲೆ ಉಗುರಿನ ಅಂಚಿನಲ್ಲಿ ತಿಳಿ ಗುಲಾಬಿ ಕಂಡಿತು. ಲೇಹ್‌ಗೆ ಇಳಿಯುವಾಗ ಅದೇ ಸ್ಪ್ಲಿಂಟು ಪಂಚರಾದ ಟ್ಯೂಬಿನ ಹಾಗೆ ಸೊರಗಿತು, ಮತ್ತೆ ಊದಬೇಕಾಯಿತು.

ಕಾಲಿಗೇನೂ ಆಗಲಿಲ್ಲ. ಆದರೆ ಅವನು ಕನ್ನಡದವನಲ್ಲದೆ ಬೇರೆ ಯಾರೋ ಆಗಿದ್ದರೆ, ತುಟಿ ನೋಡಿ ನನಗೆ ಅರ್ಥವಾಗುತ್ತಿತ್ತಾ? ಆಮೇಲೆ ಹತ್ತಿಸುವ ಮೊದಲೇ ಸನ್ನೆ ಹೇಳಿಕೊಡುವುದನ್ನು ರೂಢಿ ಮಾಡಿಕೊಂಡೆ. ಮುಷ್ಟಿ ಹಿಡಿದರೆ ನೋವು, ಎದೆ ತಟ್ಟಿದರೆ ಉಸಿರು, ಬೆರಳು ಆಡಿಸಿದರೆ ಜೋಮು. ಏರ್ ಸ್ಪ್ಲಿಂಟು ಇದ್ದರೆ ಕಾಲ್ಬೆರಳು ಹೊರಗೆ ಕಾಣಬೇಕು, ಎಷ್ಟೇ ಚಳಿ ಇರಲಿ.

ಚೀತಾ ಹೆಲಿಕಾಪ್ಟರಿನ ಕಥೆ ಇನ್ನೊಂದು ಥರ. ನಮ್ಮ ಬೆಂಗಳೂರಿನ ಎಚ್‌ಎಎಲ್ ಮಾಡಿದ್ದು, ಪುಟ್ಟದು. 1984ರ ಏಪ್ರಿಲ್‌ನಲ್ಲಿ ಸಿಯಾಚಿನ್ ಕಾರ್ಯಾಚರಣೆ ಶುರುವಾದಾಗಿನಿಂದ ಮೇಲಿನ ಪೋಸ್ಟ್‌ಗಳಿಗೆ ಅದೇ ಜೀವನಾಡಿ. 20,000 ಅಡಿಯ ಆಸುಪಾಸಿನಲ್ಲಿ ಗಾಳಿ ಎಷ್ಟು ತೆಳುವೆಂದರೆ ಅದು ಎತ್ತುವುದು ಒಂದೆರಡು ಜೆರಿಕ್ಯಾನ್ ಭಾರವಷ್ಟೇ. ರೋಗಿ ಹತ್ತಿದರೆ ನನಗೆ ಜಾಗವಿಲ್ಲ. ಪೈಲಟ್ ಕಾಯಿಲೆ ಏನೆಂದು ಕೇಳುವ ಮೊದಲು ತೂಕ ಎಷ್ಟೆಂದು ಕೇಳುತ್ತಿದ್ದರು. ಮೊದಮೊದಲು ಕೋಪ ಬರುತ್ತಿತ್ತು. ಆಮೇಲೆ ಸರಿ ಅನಿಸಿತು.

ಅಲ್ಲಿಂದ ಜಾಸ್ತಿ ಬರುತ್ತಿದ್ದದ್ದು ಗುಂಡೇಟಿನವರಲ್ಲ, ಹಾಪೋ ಆದವರು. ಎತ್ತರದಲ್ಲಿ ಶ್ವಾಸಕೋಶಕ್ಕೆ ನೀರು ತುಂಬುವ ಕಾಯಿಲೆ. ಅದಕ್ಕೇ ಸೇನೆಯಲ್ಲಿ ಯಾರನ್ನೂ ಒಮ್ಮೆಗೇ ಮೇಲೆ ಕಳಿಸಲ್ಲ. 9,000 ಅಡಿ ದಾಟಿದ ಮೇಲೆ ಮೊದಲ ಹಂತದಲ್ಲಿ ಆರು ದಿನ, 12,000 ದಾಟಿದ ಮೇಲೆ ನಾಲ್ಕು ದಿನ, 15,000 ದಾಟಿದ ಮೇಲೆ ಮತ್ತೆ ನಾಲ್ಕು ದಿನ ಮೈ ಒಗ್ಗಿಸಿಕೊಳ್ಳಬೇಕು. ಆದರೂ ಕೆಲವರಿಗೆ ಬರುತ್ತದೆ. ಮಲಗಿದರೆ ಉಸಿರು ಕಟ್ಟುತ್ತದೆ, ಕೆಮ್ಮಿದರೆ ಗುಲಾಬಿ ನೊರೆ. ಆಕ್ಸಿಜನ್ ಕೊಟ್ಟು ಕೆಳಗೆ ಇಳಿಸುವುದೇ ದೊಡ್ಡ ಔಷಧಿ. ಹವಾಮಾನ ಕೆಟ್ಟು ಹೆಲಿಕಾಪ್ಟರ್ ಬರದಿದ್ದರೆ ರೋಗಿಯನ್ನು ಒತ್ತಡದ ಚೀಲದೊಳಗೆ ಮಲಗಿಸಿ, ಕಾಲಿನಿಂದ ಪಂಪ್ ಒತ್ತುತ್ತಾ ರಾತ್ರಿ ಕಳೆಯುವುದು. ಒಂದು ರಾತ್ರಿ ಪಾಳಿ ಹಾಕಿಕೊಂಡು ಬೆಳಗಿನವರೆಗೂ ಒತ್ತಿದ್ದೇವೆ. ಬೆಳಿಗ್ಗೆ ಚೀತಾ ಬಂತು. ರೋಗಿಯನ್ನು ಮಲಗುವ ಚೀಲದಲ್ಲಿ ಸುತ್ತಿ, ಮಾಸ್ಕ್ ಕಟ್ಟಿ, ಕೊಟ್ಟ ಔಷಧಿಯನ್ನೆಲ್ಲ ಎದೆಯ ಪಟ್ಟಿಯ ಮೇಲೆ ಬರೆದು ಕಳಿಸಿದೆ. ನಿಂತಿದ್ದು ಎರಡು ನಿಮಿಷವೂ ಇಲ್ಲ, ರೆಕ್ಕೆ ನಿಲ್ಲಿಸಲೇ ಇಲ್ಲ.

ಈಗ ನಮ್ಮೂರಿನ ಮಾತು. ಯಾವುದಾದರೂ ಅಪಘಾತವಾದರೆ ಎಸ್ಟೇಟಿನವರು ನನಗೆ ಫೋನ್ ಮಾಡಿ "ನಿಮ್ಮವರಿಗೆ ಹೇಳಿ ಹೆಲಿಕಾಪ್ಟರ್ ತರಿಸಕ್ಕಾಗಲ್ವಾ?" ಎನ್ನುತ್ತಾರೆ. ಇಳಿಯುವುದೆಲ್ಲಿ? ಸುತ್ತ ಸಿಲ್ವರ್ ಮರ, ಕರೆಂಟು ತಂತಿ. ಬಯಲು ಅಂತ ಇರುವುದು ಕಾಫಿ ಕಣ ಒಂದೇ. ಅಲ್ಲಿ ಇಳಿಸಿದರೆ ಒಣ ಹಾಕಿದ ಕಾಫಿಯೆಲ್ಲ ಪಕ್ಕದವರ ತೋಟಕ್ಕೆ. ಮಳೆಗಾಲದಲ್ಲಂತೂ ಘಾಟಿ ಮೇಲೆ ಮೋಡ ಕೂತರೆ ಪೈಲಟ್‌ಗೆ ತನ್ನ ಮೂಗೇ ಕಾಣಲ್ಲ. ನಮಗಿರುವುದು ಆಂಬುಲೆನ್ಸು ಮತ್ತು ತಿರುವುಗಳು.

ಆಂಬುಲೆನ್ಸಿನ ಹುಡುಗರಿಗೆ ನಾನು ಹೇಳಿಕೊಡುವುದು ಹಳೆಯ ಪಾಠವನ್ನೇ. ಓಡುವ ಗಾಡಿಯಲ್ಲೂ ಸ್ಟೆತಸ್ಕೋಪ್ ಅಷ್ಟಕ್ಕಷ್ಟೇ. ಆಕ್ಸಿಜನ್ ಲೆಕ್ಕ ಹೊರಡುವ ಮೊದಲೇ ಆಗಬೇಕು. ಬಿ ಟೈಪ್ ಸಿಲಿಂಡರ್ ತುಂಬಿದ್ದರೆ ಸುಮಾರು 1,500 ಲೀಟರ್. ನಿಮಿಷಕ್ಕೆ 10 ಲೀಟರ್ ಬಿಟ್ಟರೆ ಎರಡೂವರೆ ಗಂಟೆ. ಘಾಟಿಯಲ್ಲಿ ಲಾರಿ ಅಡ್ಡ ನಿಂತರೆ ಅದು ಸಾಕಾಗುತ್ತಾ?

ಹೋದ ವರ್ಷ ಮಾರ್ಚಿನಲ್ಲಿ, ಮೆಣಸು ಕುಯ್ಲು ಜೋರಾಗಿದ್ದಾಗ, ಪಕ್ಕದ ತೋಟದಲ್ಲಿ ಒಬ್ಬ ಆಳು ಒಂಟಿ ಏಣಿಯಿಂದ ಬಿದ್ದ. ಇಪ್ಪತ್ತು ಅಡಿ ಇರಬಹುದು. ನಾನು ಹೋಗುವಷ್ಟರಲ್ಲಿ ನಾಲ್ಕು ಜನ ಕೈಕಾಲು ಹಿಡಿದು ಜೀಪಿನಲ್ಲಿ ಕೂರಿಸಲು ಹೊರಟಿದ್ದರು. "ಕೆಳಗಿಡಿ!" ಎಂದು ಕಿರುಚಿದೆ. ಕುಂಡೆಯ ಮೇಲೆ ಬಿದ್ದಿದ್ದ, ಮುಖ ಬಿಳಿಚಿತ್ತು, ನಾಡಿ ಓಡುತ್ತಿತ್ತು. ಹೊರಗೆ ಒಂದು ತೊಟ್ಟು ರಕ್ತವಿಲ್ಲ. ಸೊಂಟದ ಮೂಳೆ ಒಡೆದರೆ ರಕ್ತವೆಲ್ಲ ಒಳಗೇ ಹೋಗುತ್ತದೆ. ಅವನ ಹೆಂಡತಿ ಒಂದು ಸೀರೆ ತಂದುಕೊಟ್ಟಳು. ಅದನ್ನು ಅಗಲವಾಗಿ ಮಡಚಿ ಬಿಗಿಯಾಗಿ ಕಟ್ಟಿದೆ. ಎಲ್ಲರೂ ಸೊಂಟಕ್ಕೆ ಕಟ್ಟುತ್ತಾರೆ, ಅದು ತಪ್ಪು. ಇನ್ನೂ ಕೆಳಗೆ, ತೊಡೆ ಶುರುವಾಗುವಲ್ಲಿ ಎರಡೂ ಪಕ್ಕ ಮೂಳೆ ಉಬ್ಬಿರುತ್ತದಲ್ಲ, ಅದರ ಮೇಲೆ ಬರಬೇಕು. ಮಂಡಿ ಎರಡನ್ನೂ ಸೇರಿಸಿ ಟವೆಲ್ ಕಟ್ಟಿದೆ.

ಮಲಗಿಸಲು ಹಲಗೆ ಬೇಕಿತ್ತು. ಅವನ ಲೈನ್ ಮನೆಯ, ಅಂದರೆ ತೋಟದ ಆಳುಗಳ ಸಾಲುಮನೆಯ, ಬಾಗಿಲು ಕಂಡಿತು. ಕೀಲು ಕಿತ್ತು ತಂದರು. ಒಬ್ಬ ತಲೆ ಹಿಡಿದ, ಮೂವರು ಒಟ್ಟಿಗೆ ಹೊರಳಿಸಿದರು, ಬಾಗಿಲು ಕೆಳಗೆ ಜಾರಿಸಿದೆವು. ಕಂಬಳಿ ಹೊದಿಸಿದೆ, ಮಧ್ಯಾಹ್ನದ ಬಿಸಿಲಿದ್ದರೂ. ರಕ್ತ ಹೋದವನ ಮೈ ತಣ್ಣಗಾದರೆ ಇರುವ ರಕ್ತವೂ ಹೆಪ್ಪುಗಟ್ಟಲ್ಲ. ಅವನ ಮುಂಗೈ ಮೇಲೆ ಬಿದ್ದ ಹೊತ್ತು, ಕಟ್ಟಿದ ಹೊತ್ತು ಎರಡೂ ಬರೆದೆ. ಆಂಬುಲೆನ್ಸ್ ಹುಡುಗ ಅದನ್ನು ನೋಡಿ "ಏನ್ ಸಾರ್, ಹಚ್ಚೆನಾ?" ಎಂದ.

ಆಸ್ಪತ್ರೆಯಲ್ಲಿ ಸೊಂಟದ ಮೂಳೆ ಎರಡು ಕಡೆ ಒಡೆದಿದೆ ಎಂದರು. ನಾಲ್ಕು ಬಾಟಲಿ ರಕ್ತ ಹಾಕಿಸಿಕೊಂಡು ಉಳಿದ. ಈ ವರ್ಷ ಕುಯ್ಲಿಗೆ ಮರ ಹತ್ತಲಿಲ್ಲ, ಕಣದಲ್ಲಿ ಮೆಣಸು ಒಣಗಿಸುವ ಕೆಲಸ ಕೊಟ್ಟಿದ್ದಾರೆ.

ಬಾಗಿಲು ಮಾತ್ರ ಆಸ್ಪತ್ರೆಯಲ್ಲೇ ಉಳಿದುಬಿಟ್ಟಿತ್ತು. ಒಂಬತ್ತು ದಿನ ಅವನ ಮನೆಗೆ ಟಾರ್ಪಾಲೇ ಬಾಗಿಲು. ಹತ್ತನೇ ದಿನ ನಾನೇ ಜೀಪು ತಗೊಂಡು ಹೋಗಿ ಕೇಳಿದರೆ, ಸ್ಟೋರಿನವರು "ಬಾಗಿಲಿಗೆ ಡಿಸ್ಚಾರ್ಜ್ ಚೀಟಿ ಎಲ್ಲಿ?" ಎಂದು ಕೇಳಿದರು.