ಗ್ರ್ಯಾಂಡ್ ಕ್ಯಾನ್ಯನ್ ಇಳಿಯುತ್ತ ಗಿಡಗಳ ಗುರುತು ಹಿಡಿದದ್ದು

ಅರಿಜೋನಾದ ಗ್ರ್ಯಾಂಡ್ ಕ್ಯಾನ್ಯನ್ನಿನ ದಕ್ಷಿಣ ಅಂಚಿನಿಂದ ಬ್ರೈಟ್ ಏಂಜೆಲ್ ಕಾಲುದಾರಿಯಲ್ಲಿ ಸುಮಾರು 15 ಕಿ.ಮೀ. ಇಳಿದು, ಕೊಲೊರಾಡೊ ನದಿಯ ಬಳಿ ಒಂದು ರಾತ್ರಿ ತಂಗಿ, ಮರುದಿನ ಹತ್ತಿ ಬಂದೆ. ಮೇ ತಿಂಗಳ ಮೊದಲ ವಾರವಾದ್ದರಿಂದ ದಾರಿಯುದ್ದಕ್ಕೂ ಹೂವುಗಳಿದ್ದವು. ರಾಷ್ಟ್ರೀಯ ಉದ್ಯಾನದಲ್ಲಿ ಗಿಡ ಕೀಳುವಂತಿಲ್ಲ. ಹಾಗಾಗಿ ಒಂದೊಂದು ಗಿಡಕ್ಕೂ ಅದರ ಒಟ್ಟು ಆಕಾರ, ಎಲೆಯ ಎರಡೂ ಮುಖ, ಪಕ್ಕದಿಂದ ಕಂಡ ಹೂವು, ಸಿಕ್ಕಿದರೆ ಕಾಯಿ ಎಂದು ಚಿತ್ರಗಳನ್ನು ತೆಗೆದು, ನಿಂತ ಜಾಗದ ಎತ್ತರವನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ.

ಎತ್ತರ ಬರೆದುಕೊಳ್ಳಲು ಕಾರಣವಿದೆ. ಅಂಚು ಸಮುದ್ರಮಟ್ಟದಿಂದ 2,000 ಮೀಟರಿಗೂ ಮೇಲಿದ್ದರೆ ನದಿಯ ಬಳಿಯ ಬಿಡಾರ ಸುಮಾರು 750 ಮೀಟರಿನಲ್ಲಿದೆ. ಇಳಿದಂತೆ ಸೆಕೆ ಏರುತ್ತದೆ, ಗಿಡಗಳೂ ಬದಲಾಗುತ್ತವೆ. ಅಮೆರಿಕದ ಜೀವವಿಜ್ಞಾನಿ ಸಿ. ಹಾರ್ಟ್ ಮೆರಿಯಮ್ 1889ರಲ್ಲಿ ಈ ಸೀಮೆಯಲ್ಲಿ ಸುತ್ತಾಡಿಯೇ ಎತ್ತರಕ್ಕೆ ತಕ್ಕ ಜೀವವಲಯಗಳ ಕಲ್ಪನೆಯನ್ನು ರೂಪಿಸಿದರು. ಮೇಲಿನ ಪೈನ್ ಮರಗಳು ಸುಲಭವಾಗಿ ಬಗೆಹರಿದವು: ಸೂಜಿಯೆಲೆಗಳು ಎರಡೆರಡಾಗಿ ಕೂಡಿದ್ದರೆ ಪಿನ್ಯನ್, ಮೂರು ಮೂರಾಗಿದ್ದರೆ ಪಾಂಡೆರೋಸ.

ನನ್ನನ್ನು ಎಡವಿಸಿದ್ದು ಅಪರಿಚಿತ ಗಿಡಗಳಲ್ಲ, ಊರಿನಲ್ಲಿ ಕಂಡಂತೆ ತೋರುವ ಗಿಡಗಳು. ಪಾಪಾಸುಕಳ್ಳಿಯನ್ನು ಬೇಲಿಯಲ್ಲಿ ನೋಡಿ ಬೆಳೆದವನಿಗೆ ಅದರ ಕುಲದ ತವರು ಅಮೆರಿಕ ಖಂಡಗಳೆಂಬುದು ತಿಳಿದಿದ್ದರೂ ನೆನಪಾಗುವುದಿಲ್ಲ. ಕಡುಗುಲಾಬಿ ಹೂ ಬಿಟ್ಟ ಬೀವರ್‌ಟೇಲ್ ಎಂಬ ಜಾತಿಗೆ ಉದ್ದ ಮುಳ್ಳುಗಳಿಲ್ಲದ್ದನ್ನು ಕಂಡು ಇದು ಸಾಧು ಕಳ್ಳಿ ಎಂದುಕೊಂಡು ಬೆರಳಿಟ್ಟೆ. ಕಣ್ಣಿಗೆ ಕಾಣದ ಸಣ್ಣ ಕೂದಲುಮುಳ್ಳುಗಳನ್ನು ಅಂಟುಪಟ್ಟಿಯಿಂದ ಎಳೆದು ತೆಗೆಯಲು ಅರ್ಧ ಗಂಟೆ ಹಿಡಿಯಿತು.

ಕತ್ತಾಳೆಯ ವಿಷಯದಲ್ಲೂ ಹಾಗೆಯೇ ಆಯಿತು. ಕತ್ತಿಯಂತಹ ಎಲೆಗಳ ಗುಚ್ಛ ಕಂಡಲ್ಲೆಲ್ಲ ಕತ್ತಾಳೆಯೆಂದು ಬರೆಯುತ್ತ ಬಂದಿದ್ದೆ. ಬಾಗಿ ನೋಡಿದಾಗ ಕೆಲವುಗಳ ಅಂಚಿನಲ್ಲಿ ಗರಗಸದ ಹಲ್ಲುಗಳಿದ್ದವು, ಇನ್ನು ಕೆಲವುಗಳ ಅಂಚಿನಿಂದ ಸುರುಳಿ ನಾರುಗಳು ಬಿಚ್ಚಿಕೊಂಡಿದ್ದವು. ಹಲ್ಲಿನದು ಮಾತ್ರ ಕತ್ತಾಳೆ. ಅದು ವರ್ಷಗಟ್ಟಲೆ ಕಾದು ಒಮ್ಮೆ ಹೂಗಂಬ ಎತ್ತಿ ಸಾಯುತ್ತದೆ. ನಾರಿನದು ಯಕ್ಕ, ಹೂ ಬಿಟ್ಟ ಮೇಲೂ ಬದುಕುತ್ತದೆ.

ಹವಾಸುಪೈ ಗಾರ್ಡನ್ಸ್ ಎಂಬ ತೊರೆಯ ತಾಣದಲ್ಲಿ ಕಾಟನ್‌ವುಡ್ ಮರಗಳ ನೆರಳಿತ್ತು. ಅಲ್ಲಿಂದ ಹೊರಹಾಕಲ್ಪಟ್ಟ ಮೂಲನಿವಾಸಿಗಳ ಹೆಸರನ್ನು ಆ ಜಾಗಕ್ಕೆ ಮರಳಿಸಿದ್ದು 2022ರಲ್ಲಿ ಮಾತ್ರ. ಕೆಳಗೆ, ನದಿಯ ಬಳಿ, ನಮ್ಮ ಬಳ್ಳಾರಿ ಜಾಲಿಯ ದಾಯಾದಿಯಾದ ಮೆಸ್ಕೀಟ್ ಎದುರಾಯಿತು. ಪಕ್ಕದಲ್ಲೇ ಅದೇ ಬಗೆಯ ತೆನೆಹೂವಿನ ಕ್ಯಾಟ್‌ಕ್ಲಾ ಇದ್ದುದರಿಂದ ಹೂವನ್ನು ನಂಬುವಂತಿರಲಿಲ್ಲ. ಮೆಸ್ಕೀಟಿನ ಮುಳ್ಳು ನೇರ, ಕಿರುಎಲೆಗಳು ನೀಳ. ಇನ್ನೊಂದರ ಮುಳ್ಳು ಬೆಕ್ಕಿನ ಉಗುರಿನಂತೆ ಡೊಂಕು, ಕಿರುಎಲೆಗಳು ತೀರ ಪುಟ್ಟವು. ನನ್ನ ಅಂಗಿಯ ತೋಳು ಈ ಎರಡನೆಯದನ್ನು ನನಗಿಂತ ಮೊದಲೇ ಗುರುತಿಸಿತು.

ಮರುದಿನ ಹತ್ತುವಾಗ, ಮೊದಲ ದಿನ ಅಪಾಚೆ ಪ್ಲೂಮ್ ಎಂದು ಬರೆದಿದ್ದ ಪೊದೆಯ ಮುಂದೆ ಮತ್ತೆ ನಿಂತೆ. ಐದು ಎಸಳು, ಗರಿಯಂತಹ ಬಾಲದ ಬೀಜ, ಎರಡೂ ಅದಕ್ಕೆ ಒಪ್ಪುತ್ತಿದ್ದವು. ಆದರೆ ಹೂ ಅಚ್ಚ ಬಿಳಿಯಲ್ಲ, ಕೆನೆಯ ಬಣ್ಣ, ಒಳ್ಳೆಯ ಪರಿಮಳ, ಒಂದೊಂದು ಹೂವಿಗೆ ಬಾಲಗಳು ನಾಲ್ಕೈದೇ ಹೊರತು ಅಪಾಚೆ ಪ್ಲೂಮಿನಂತೆ ಕುಚ್ಚು ತುಂಬಾ ಇರಲಿಲ್ಲ. ಹತ್ತು ಪಟ್ಟಿನ ಭೂತಗನ್ನಡಿ ಹಿಡಿದಾಗ ಎಲೆಯ ಮೇಲೆ ಅಂಟುಗ್ರಂಥಿಗಳ ಚುಕ್ಕೆಗಳು ಕಂಡವು. ಹಳೆಯ ಹೆಸರನ್ನು ಹೊಡೆದುಹಾಕಿ ಕ್ಲಿಫ್‌ರೋಸ್ ಎಂದು ಬರೆದೆ.